ಹೊಸಬರ ಕೈಪಿಡಿ

ಅವಳ ಗಂಡನಿಗೆ ಆಫೀಸಿನಲ್ಲಿ ಮೂಲಪುರುಷ ಎಂಬ ಅಡ್ಡಹೆಸರಿತ್ತು. ಕಂಪನಿ ಮಾರುತ್ತಿದ್ದುದು ಒಂದೇ ಸಾಫ್ಟ್‌ವೇರ್. ಇಡೀ ಕಂಪನಿ ಒಂದು ಕೋಣೆಯಲ್ಲಿ ಹಿಡಿಸುತ್ತಿದ್ದ ಕಾಲದಲ್ಲಿ ಅದನ್ನು ಮೊದಲಿನಿಂದ ಕೊನೆಯವರೆಗೆ ಬರೆದವನು ಅವನೇ. ಅದರ ಕೆಲಸ ಸರಳ. ಕಂಪ್ಯೂಟರಿನಲ್ಲಿರುವ ಫೈಲುಗಳನ್ನು ದಿನಕ್ಕೊಮ್ಮೆ ಇನ್ನೊಂದು ಡಿಸ್ಕಿಗೆ ನಕಲು ಮಾಡಿಡುವುದು. ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು. ಆದರೆ ಅದನ್ನು ಹೊಂದಿಸುವುದು ಮಾತ್ರ ಕಬ್ಬಿಣದ ಕಡಲೆ. ಗುಂಡಿ ಒತ್ತಿದರೆ ಆಗುವಂಥದ್ದಲ್ಲ. ಒಂದು ಸೆಟ್ಟಿಂಗ್ ಫೈಲನ್ನು ತೆರೆದು, ಯಾವುದನ್ನು ನಕಲು ಮಾಡಬೇಕು, ಎಲ್ಲಿಗೆ, ಎಷ್ಟು ಹೊತ್ತಿಗೆ ಎಂದು ಒಂದೊಂದೇ ಸಾಲಾಗಿ ಬರೆಯಬೇಕು. ಒಂದು ಚುಕ್ಕೆ ತಪ್ಪಿದರೂ ಅದು ಮುಷ್ಕರ ಹೂಡುತ್ತಿತ್ತು. ಹೇಗೆ ಬರೆಯಬೇಕೆಂದು ತಿಳಿಸುವ ಕೈಪಿಡಿಯನ್ನೂ ಮೂಲಪುರುಷನೇ ಬರೆದಿದ್ದ. ಅದನ್ನು ಓದಿ ತಿಳಿಯಬಲ್ಲವರಿಗೆ ಅದು ಬೇಕಿರಲಿಲ್ಲ. ಬೇಕಿದ್ದವರಿಗೆ ತಲೆಬುಡ ತಿಳಿಯುತ್ತಿರಲಿಲ್ಲ.

ಬಹುಕಾಲ ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಕೊಳ್ಳುತ್ತಿದ್ದವರೆಲ್ಲ ಅವನಂಥವರೇ. ಆಮೇಲೆ ಕಂಪನಿ ಸಣ್ಣಪುಟ್ಟ ಅಂಗಡಿಗಳಿಗೆ, ಹಲ್ಲಿನ ಡಾಕ್ಟರುಗಳಿಗೆ, ಫೋಟೋ ಸ್ಟುಡಿಯೋಗಳಿಗೆ ಮಾರಲು ಹೊರಟಿತು. ಹೆಲ್ಪ್ ಡೆಸ್ಕಿನ ಫೋನುಗಳು ಬಾಯಿ ಮುಚ್ಚದಾದವು. ಕೊಂಡವರು ಮೊದಲ ಪುಟದಲ್ಲೇ ಮುಗ್ಗರಿಸಿ, ಹಣ ವಾಪಸ್ ಕೊಡಿ ಎನ್ನತೊಡಗಿದಾಗ ಮ್ಯಾನೇಜರಿಗೆ ಹೊಸ ಕೈಪಿಡಿ ಬೇಕೆನಿಸಿತು. ಅವಳು ಆಗ ಒಂದು ವಾಷಿಂಗ್ ಮಷೀನ್ ಕಂಪನಿಗೆ ಬಳಕೆಯ ಪುಸ್ತಕಗಳನ್ನು ಬರೆಯುತ್ತಿದ್ದಳು. ಮ್ಯಾನೇಜರ್ ಮನೆಯಲ್ಲೂ ಅದೇ ಮಷೀನು. "ನಿಮ್ಮ ಪುಸ್ತಕ ಓದಿ ನಮ್ಮಪ್ಪ ಒಬ್ಬರೇ ಬಟ್ಟೆ ಒಗೆದ್ರು. ನಮ್ಮಲ್ಲಿಗೆ ಬಂದ್ಬಿಡಿ," ಎಂದು ಆತ ಕರೆದ.

ಗಂಡನಿಗೆ ಅದು ಹಿಡಿಸಲಿಲ್ಲ.

"ಗಂಡ ಹೆಂಡ್ತಿ ಒಂದೇ ಕಡೆ ಇದ್ರೆ ಮನೇನೂ ಆಫೀಸ್ ಆಗ್ಬಿಡುತ್ತೆ," ಎಂದ.

"ಈಗ ಮಾತ್ರ ಏನು, ಊಟಕ್ಕೆ ಕೂತಾಗ್ಲೂ ಲ್ಯಾಪ್‌ಟಾಪ್ ಜೊತೇಲೇ ತಾನೆ ನಿಮ್ಮ ಮಾತು," ಎಂದು ಅವಳು ನಕ್ಕಳು. ಅವನು ನಗಲಿಲ್ಲ. ಬೇಡವೆಂದೂ ಹೇಳಲಿಲ್ಲ.

ಅವಳಿಗೆ ಪ್ರಿಂಟರಿನ ಪಕ್ಕ ಮೇಜು ಸಿಕ್ಕಿತು. ಕಾರಿಡಾರಿನ ಕೊನೆಯ ಗಾಜಿನ ಕೋಣೆ ಅವನದು. ಮೊದಲ ವಾರಗಳಲ್ಲಿ ಅವಳು ಹಳೆಯ ಕೈಪಿಡಿಯನ್ನು ಹಿಡಿದುಕೊಂಡು ದಿನಕ್ಕೆ ಹತ್ತು ಸಲ ಆ ಬಾಗಿಲಿಗೆ ಹೋದಳು. ಅವನು ಪರದೆಯಿಂದ ಕಣ್ಣು ಕೀಳದೆ, "ಅದರಲ್ಲೇ ಬರೆದಿದೆ, ಓದು," ಎನ್ನುತ್ತಿದ್ದ. ಓದಿದೆ, ಅರ್ಥವಾಗಲಿಲ್ಲ ಎಂದರೆ, "ಅರ್ಥ ಆಗೋ ತನಕ ಓದು," ಎನ್ನುತ್ತಿದ್ದ. ಒಂದು ದಿನ ಕೋಣೆಯಲ್ಲಿ ಇನ್ನೂ ಮೂವರಿದ್ದರು. "ಮನೇಲೂ ಹೀಗೇ ಇವಳು. ಉಪ್ಪಿನ ಡಬ್ಬ ಕೈಯಲ್ಲೇ ಹಿಡ್ಕೊಂಡು ಉಪ್ಪೆಲ್ಲಿ ಅಂತ ಕೇಳ್ತಾಳೆ," ಎಂದ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಅಂದಿನಿಂದ, ಕೇಳಬೇಕಾದ ಪ್ರಶ್ನೆಯನ್ನು ಮೇಜಿನ ಬಳಿಯೇ ತೂಗಿ ನೋಡಿ, ತೀರಾ ಭಾರವಾದದ್ದನ್ನು ಮಾತ್ರ ಒಯ್ಯುವುದನ್ನು ಕಲಿತಳು. ಉಳಿದವನ್ನು ಅಲ್ಲಿ ಇಲ್ಲಿ ಹುಡುಕಿ, ಮಾಡಿ ನೋಡಿ, ಊಹಿಸಿ ತಿಳಿದುಕೊಂಡಳು.

ಬರೆದದ್ದು ಹೊಸಬರ ತಲೆಗೆ ಹತ್ತುತ್ತದೋ ಇಲ್ಲವೋ ನೋಡಲು ಮನೆಯಲ್ಲೇ ಒಬ್ಬರಿದ್ದರು: ಅವಳ ಅತ್ತೆ. ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಕಂಪ್ಯೂಟರಿನಲ್ಲಿ ಹವಾಮಾನ ನೋಡುವುದು, ತಂಗಿಯ ಮೊಮ್ಮಕ್ಕಳ ಫೋಟೋ ನೋಡುವುದು ಬಿಟ್ಟರೆ ಬೇರೇನೂ ಮಾಡಿದವರಲ್ಲ. ಭಾನುವಾರ ಅಡುಗೆಮನೆಯ ಮೇಜಿನ ಮೇಲೆ ಹಳೆಯ ಲ್ಯಾಪ್‌ಟಾಪ್ ಇಟ್ಟು, ಕನ್ನಡಕ ಏರಿಸಿ, ಪಕ್ಕದಲ್ಲಿ ಮುದ್ರಿಸಿದ ಹಾಳೆಗಳನ್ನಿಟ್ಟುಕೊಂಡು ಕೂರುತ್ತಿದ್ದರು. ಮೊದಲ ಸಲ ಅವಳು ಗಂಡನ ಹಳೆಯ ಕೈಪಿಡಿಯನ್ನೇ ಕೊಟ್ಟಿದ್ದಳು. "ನಿಮ್ಮ ಮೂಲವನ್ನು ನಮೂದಿಸಿ" ಎಂಬಲ್ಲಿಗೆ ಬಂದು ಅತ್ತೆ ನಿಂತರು.

"ಋಷಿಮೂಲ ನದೀಮೂಲ ಕೇಳಬಾರದು ಅಂತಾರೆ. ಇವನು ನೋಡಿದ್ರೆ ಮೊದಲನೇ ಪುಟದಲ್ಲೇ ನನ್ನ ಮೂಲ ಕೇಳ್ತಾನೆ."

"ನಕಲು ಮಾಡ್ಬೇಕಾದ ಫೈಲುಗಳು ಎಲ್ಲಿವೆ ಅಂತ ಅತ್ತೆ ಅದು."

"ಹಾಗಂತ ಹೇಳ್ಬೇಕಪ್ಪ. ನಾನು ನರ್ಸಾಗಿದ್ದವಳು, ಮೂಲ ಅಂದ್ರೆ ನಮಗೆ ಬೇರೇನೇ. ಅದು ಬಂದವರಿಗೆ ಕೂರೋಕೂ ಆಗಲ್ಲ."

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಒಳಕೋಣೆಯ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು.

ಅವಳು ಮೂಲ, ಗುರಿ, ನಮೂದು, ನಿಯತಾಂಕಗಳನ್ನೆಲ್ಲ ತೆಗೆದುಹಾಕಿದಳು. "ನಿಮ್ಮ ಫೈಲುಗಳು ಈಗ ಎಲ್ಲಿವೆ?" ಎಂದು ಬರೆದಳು. ಪ್ರತಿ ಸಾಲಿಗೂ ಒಂದು ಉದಾಹರಣೆ ಕೊಟ್ಟಳು. ತಪ್ಪಾದರೆ ಪರದೆಯ ಮೇಲೆ ಏನು ಕಾಣುತ್ತದೆ, ಅದಕ್ಕೆ ಗಾಬರಿಯಾಗದೆ ಏನು ಮಾಡಬೇಕು ಎಂದು ಹೇಳಿದಳು. ಒಂದೊಂದು ಕರಡನ್ನೂ ನಿಯಮದ ಪ್ರಕಾರ ಮೂಲಪುರುಷನಿಗೆ ತೋರಿಸಬೇಕಿತ್ತು. ಅವು ಕೆಂಪು ಗುರುತುಗಳಿಂದ ತುಂಬಿ ವಾಪಸಾಗುತ್ತಿದ್ದವು. "ಬಾಲಭಾಷೆ." "ಇದು ಕಥೆಯಲ್ಲ." "ಇಷ್ಟೂ ಗೊತ್ತಿಲ್ಲದವನು ಕಂಪ್ಯೂಟರ್ ಮುಟ್ಟಬಾರದು." ಅವಳು ಹಲ್ಲು ಕಚ್ಚಿಕೊಂಡು, ತಿದ್ದುಪಡಿಯಿರುವುದನ್ನು ತಿದ್ದಿ, ಬೈಗುಳವಿರುವುದನ್ನು ಬಿಟ್ಟು, ಮುಂದಕ್ಕೆ ಹೋದಳು.

ನಕಲನ್ನು ಇಡುವ ಜಾಗದ ಬಗ್ಗೆ ಹಳೆಯ ಕೈಪಿಡಿಯಲ್ಲಿ ಒಂದೇ ವಾಕ್ಯವಿತ್ತು: "ಗುರಿಯು ಮೂಲದ ಪ್ರತಿಬಿಂಬವಾಗಿರತಕ್ಕದ್ದು." ಅವಳು ಅದನ್ನು ಹಲವು ಸಲ ಓದಿದಳು. ನಕಲು ಮೂಲದ ಹಾಗೆಯೇ ಇರುತ್ತದೆ ಎಂದಿರಬೇಕು; ನಕಲು ಎಂದ ಮೇಲೆ ಹಾಗಿರದೆ ಇನ್ನು ಹೇಗಿರುತ್ತದೆ? ಆದರೂ ಆ "ತಕ್ಕದ್ದು" ಚಪ್ಪಲಿಯೊಳಗಿನ ಕಲ್ಲಿನಂತೆ ಚುಚ್ಚಿತು. ಕೇಳಿಬಿಡೋಣವೆಂದು ಎದ್ದು ಗಾಜಿನ ಬಾಗಿಲ ತನಕ ಹೋದಳು. ಒಳಗೆ ಅದೇ ಮೂವರು ಕುಳಿತಿದ್ದರು. ಯಾವುದೋ ಮಾತಿಗೆ ನಗುತ್ತಿದ್ದರು. ಅವಳು ಪ್ರಿಂಟರಿನಲ್ಲಿ ಬಿಟ್ಟ ಹಾಳೆ ನೆನಪಾದವಳಂತೆ ಹಿಂದಿರುಗಿದಳು. ಕುಳಿತು ಬರೆದಳು: "ನಕಲನ್ನು ಎಲ್ಲಿ ಇಡಬೇಕು? ನಿಮ್ಮ ಬಳಿಯಿರುವುದರಲ್ಲಿ ಎಲ್ಲಕ್ಕಿಂತ ಸುರಕ್ಷಿತ ಎನಿಸುವ ಜಾಗವನ್ನು ಆರಿಸಿ, ಅದರ ಹೆಸರನ್ನು ಇಲ್ಲಿ ಬರೆಯಿರಿ."

ಭಾನುವಾರ ಅತ್ತೆ ಅದನ್ನು ಓದಿ, "ಇದು ನೋಡು, ಮನುಷ್ಯರು ಮಾತಾಡಿದ ಹಾಗಿದೆ," ಎಂದರು. ಹೊಸದೊಂದು ಡಿಸ್ಕ್ ಚುಚ್ಚಿ, ಒಂದೂ ಪ್ರಶ್ನೆ ಕೇಳದೆ ಕೊನೆಯವರೆಗೆ ಮಾಡಿ ಮುಗಿಸಿದರು.

ಆ ಕರಡು ಗಂಡನ ಹತ್ತಿರ ಹೋಯಿತು. ಈ ಸಲ ಕೆಂಪು ಗುರುತೇ ಇಲ್ಲ. ಕೆಳಗೆ ಎರಡು ಮಾತು: "ನೋಡಿದೆ. ಸರಿ ಇದೆ." ಅವಳು ಅದನ್ನು ಮತ್ತೆ ಮತ್ತೆ ನೋಡಿದಳು. ಸಂಜೆ ಇಬ್ಬರೂ ಒಟ್ಟಿಗೆ ಮನೆಗೆ ನಡೆದರು. ದಾರಿಯಲ್ಲಿ ಅವನು ಅವಳ ಚೀಲವನ್ನು ತಾನು ಹಿಡಿದುಕೊಂಡ. ಕೊನೆಗೂ ಒಪ್ಪಿದನಲ್ಲ ಎಂದು ಅವಳು ಒಳಗೊಳಗೇ ಹಿಗ್ಗಿದಳು.

ಹೊಸಬರ ಕೈಪಿಡಿ ಹೊರಬಂತು. ಹೆಲ್ಪ್ ಡೆಸ್ಕಿನವರು ಊಟದ ಹೊತ್ತಿಗೆ ಊಟ ಮಾಡತೊಡಗಿದರು. ಬೈಗುಳದ ಜಾಗದಲ್ಲಿ ಕೃತಜ್ಞತೆಯ ಮೇಲ್‌ಗಳು ಬಂದವು. ಮ್ಯಾನೇಜರ್ ಒಂದು ಬೆಳಿಗ್ಗೆ ಮೀಟಿಂಗಿನಲ್ಲಿ ಅಂಥ ಒಂದನ್ನು ಎಲ್ಲರಿಗೂ ಓದಿ ಹೇಳಿದ. ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದವರೊಬ್ಬರು ಹಿಂದಿನ ಸಂಜೆ ಬರೆದದ್ದು: "ಕಂಪ್ಯೂಟರ್ ವಿಷಯದಲ್ಲಿ ಇದೇ ಮೊದಲ ಸಲ ಯಾರ ಕೈಕಾಲು ಹಿಡಿಯದೆ ಒಂದು ಕೆಲಸ ನಾನೇ ಮಾಡಿಕೊಂಡೆ. ಬರೆದವರ ಕೈಗೆ ನಮಸ್ಕಾರ." ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳ ಮುಖ ಕೆಂಪಾಯಿತು. ಗಂಡ ಕಿಟಕಿಯ ಹೊರಗೆ ನೋಡುತ್ತಿದ್ದ.

ಮಧ್ಯಾಹ್ನ ಅದೇ ಸ್ಟುಡಿಯೋದವರು ಫೋನ್ ಮಾಡಿದರು. ಕೈಪಿಡಿ ಬರೆದವರೇ ಬೇಕೆಂದರು. ಹೆಲ್ಪ್ ಡೆಸ್ಕಿನ ಹುಡುಗಿ ಅವಳಿಗೆ ಕೊಟ್ಟಳು.

"ನಾನೆಲ್ಲೋ ತಪ್ಪು ಮಾಡಿದ್ದೀನಿ ಅನ್ಸುತ್ತೆ," ಎಂದು ಆತ ಮೆಲ್ಲಗೆ ಶುರುಮಾಡಿದರು. "ದೊಡ್ಡ ಡಿಸ್ಕಲ್ಲಿ ಈ ವರ್ಷದ ಫೋಟೋ ಮಾತ್ರ ಕಾಣ್ತಿವೆ. ಹಳೇವು ಎಲ್ಲಿ ಹೋಗಿರ್ತವೆ, ಹೇಗೆ ನೋಡೋದು ಅಂತ ಸ್ವಲ್ಪ ಹೇಳ್ತೀರಾ?"

ಅವಳು ಒಂದೊಂದಾಗಿ ಕೇಳಿ ತಿಳಿದುಕೊಂಡಳು. ಆತ ತಂದೆಯ ಕಾಲದಿಂದ ತೆಗೆದ ಚಿತ್ರಗಳನ್ನೆಲ್ಲ, ಮದುವೆ, ಶಾಲೆಯ ಗುಂಪು, ಮೊದಲ ಮಗು, ಸತ್ತವರ ಕೊನೆಯ ಫೋಟೋ, ಎಲ್ಲವನ್ನೂ ವರ್ಷಗಟ್ಟಲೆ ಕುಳಿತು ಸ್ಕ್ಯಾನ್ ಮಾಡಿದ್ದರು. ತೇವಕ್ಕೆ ಅಂಟಿಕೊಂಡು ವಾಸನೆ ಹೊಡೆಯುತ್ತಿದ್ದ ನೆಗೆಟಿವ್‌ಗಳನ್ನು ಆಮೇಲೆ ಬಿಸಾಡಿದ್ದರು. ಆ ಸ್ಕ್ಯಾನುಗಳೆಲ್ಲ ಒಂದು ದೊಡ್ಡ ಡಿಸ್ಕಿನಲ್ಲಿದ್ದವು. ಬೀರುವಿನಲ್ಲಿ ಬೀಗ ಹಾಕಿ ಇಡುತ್ತಿದ್ದ ಡಿಸ್ಕು. ಕಂಪ್ಯೂಟರಿನಲ್ಲಿದ್ದವು ಈ ವರ್ಷದವು ಮಾತ್ರ.

"ಎಲ್ಲಕ್ಕಿಂತ ಸುರಕ್ಷಿತ ಅನ್ಸೋ ಜಾಗ ಅಂತ ಬರೆದಿದ್ರಲ್ಲ," ಎಂದರು ಆತ. "ನನ್ನ ಹತ್ರ ಅದಕ್ಕಿಂತ ಸುರಕ್ಷಿತ ಅನ್ನೋದು ಯಾವುದೂ ಇರ್ಲಿಲ್ಲ."

ಅವಳು ಫೋನನ್ನು ಮೇಜಿನ ಮೇಲಿಟ್ಟು ಗಾಜಿನ ಕೋಣೆಗೆ ಹೋದಳು. ಯಾರಿದ್ದಾರೆಂದು ಈ ಸಲ ನೋಡಲಿಲ್ಲ. ಗಂಡ ಪೂರ್ತಿ ಕೇಳಿಸಿಕೊಂಡ.

"ಹೋಗುತ್ತೆ," ಎಂದ. "ಮೂಲದಲ್ಲಿ ಏನಿದೆಯೋ ಅಷ್ಟೇ ಗುರಿಯಲ್ಲಿ ಉಳಿಯುತ್ತೆ. ಬೇರೆ ಏನಿದ್ರೂ ಅಳಿಸುತ್ತೆ. ಪ್ರತಿಬಿಂಬ ಅಂದ್ರೆ ಅದೇ. ಕನ್ನಡೀಲಿ ನಿನ್ನ ಮುಖ ಬಿಟ್ಟು ಬೇರೆಯವರ ಮುಖ ಇರುತ್ತಾ?"

ಅವಳು ವಾಪಸ್ ಬಂದು ಫೋನ್ ಎತ್ತಿಕೊಂಡಾಗ ಆತ ಇನ್ನೂ ಕಾಯುತ್ತಿದ್ದರು. ಡಿಸ್ಕನ್ನು ತಕ್ಷಣ ಕಳಚಿಡಲು ಹೇಳಿದಳು. ಕಂಪನಿ ಅದನ್ನು ತರಿಸಿ, ಅಳಿಸಿಹೋದದ್ದನ್ನು ಮರಳಿ ಹೊರತೆಗೆಯುವವರಿಗೆ ಕಳಿಸಿತು. ಹೊಸ ನಕಲು ಹಳೆಯದರ ಮೇಲೆಯೇ ಕುಳಿತಿದ್ದರಿಂದ ಅವರಿಗೆ ಸಿಕ್ಕಿದ್ದು ಚೂರುಗಳು: ಅರ್ಧ ಮುಖಗಳು, ಕುತ್ತಿಗೆಯಿಂದ ಕೆಳಗೆ ಬೂದು ಪಟ್ಟಿಗಳು, ಯಾವುದೋ ಮಗುವಿನ ಕೈ. ಹಾಗೆ ಕಳಕೊಂಡವರು ಇನ್ನೂ ಇಬ್ಬರಿದ್ದಾರೆಂದು ಆ ವಾರವೇ ತಿಳಿಯಿತು. ಅವರದು ಅಷ್ಟು ದೊಡ್ಡ ನಷ್ಟವಲ್ಲ.

ಮ್ಯಾನೇಜರ್ ಮೀಟಿಂಗ್ ಕರೆದ. ಗಂಡ ಹಳೆಯ ಕೈಪಿಡಿಯ ಆ ಪುಟವನ್ನು ತಂದಿದ್ದ.

"ಇಲ್ಲಿ ಸ್ಪಷ್ಟವಾಗಿದೆ," ಎಂದ. "ಮಾತನ್ನ ಸಿಹಿ ಮಾಡೋಕೆ ಹೋದ್ರೆ ಹೀಗೇ ಆಗೋದು. ನಾನು ಮೊದಲಿಂದ್ಲೂ ಹೇಳ್ತಾನೇ ಇದ್ದೀನಿ."

"ಆದ್ರೆ ನೀವೇ ಸರಿ ಇದೆ ಅಂತ ಬರೆದಿದ್ರಲ್ಲ?" ಎಂದ ಮ್ಯಾನೇಜರ್.

"ಭಾಷೆ ಸರಿ ಇದೆ ಅಂದೆ."

ಅವಳು ಗಂಡನ ಮುಖವನ್ನೇ ನೋಡಿದಳು. ಅವನು ಹಾಳೆಯ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ನೇರಮಾಡುತ್ತಿದ್ದ. ಸುಳ್ಳು ಹೇಳುವಾಗಲ್ಲ, ನಿಜವನ್ನು ಪೂರ್ತಿ ಹೇಳದಿರುವಾಗ ಅವನು ಹಾಗೆ ಮಾಡುತ್ತಾನೆಂದು ಅವಳಿಗೆ ಗೊತ್ತಿತ್ತು. ಹೊಸಬರ ಕೈಪಿಡಿಯನ್ನು ಹಿಂತೆಗೆದುಕೊಂಡು, ಹಳೆಯದನ್ನೇ ಮತ್ತೆ ಹಾಕುವುದೆಂದು ತೀರ್ಮಾನವಾಯಿತು.

ಮನೆಗೆ ಅವಳು ಒಬ್ಬಳೇ ಬಂದಳು. ಅವನು ಬಂದಾಗ ಹಿಂಬದಿಯ ತಂತಿಯಿಂದ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಅತ್ತೆ ಹೊಸ್ತಿಲಲ್ಲಿ ಕುಳಿತು ಮಡಚುತ್ತಿದ್ದರು.

"ನಿನಗೆ ಗೊತ್ತಿತ್ತಾ?" ಎಂದು ಕೇಳಿದಳು. ಮದುವೆಯಾದಾಗಿನಿಂದ ಅವನನ್ನು ನೀನು ಎಂದದ್ದು ಅದೇ ಮೊದಲು. ಅತ್ತೆಯ ಕೈ ನಿಂತಿತು.

"ಗೊತ್ತಿತ್ತು," ಎಂದ.

"ಓದಿದಾಗ್ಲೇ?"

"ಓದಿದಾಗ್ಲೇ. ಯಾರೋ ಒಬ್ಬರು ಏನೋ ಚಿಕ್ಕದು ಕಳ್ಕೊಂಡು ಬೈತಾರೆ, ಆಗ ನಿನಗೆ ಗೊತ್ತಾಗುತ್ತೆ ಅಂದ್ಕೊಂಡೆ. ಮಾತು ಗಟ್ಟಿಯಾಗಿರೋದು ಯಾಕೆ ಅಂತ. ಹೀಗಾಗುತ್ತೆ ಅಂದ್ಕೊಂಡಿರ್ಲಿಲ್ಲ." ಆಮೇಲೆ, "ನೀನು ನನ್ನ ಒಂದು ಮಾತು ಕೇಳ್ಬಹುದಿತ್ತು," ಎಂದ.

"ಬಾಗಿಲ ತನಕ ಬಂದಿದ್ದೆ," ಎಂದಳು. "ಒಳಗೆ ಎಲ್ರೂ ನಗ್ತಾ ಇದ್ರಿ. ವಾಪಸ್ ಹೋದೆ. ಅದು ನನ್ನ ತಪ್ಪು. ಒಪ್ಕೋತೀನಿ. ನಿನ್ನದು ತಪ್ಪಲ್ಲ. ಅದಕ್ಕೆ ಬೇರೆ ಹೆಸರಿದೆ."

ಅವನು ಒಳಗೆ ಹೋದ. ಅತ್ತೆ ಮಡಚಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚಿದರು.

"ಅವರಪ್ಪನೂ ಹೀಗೇ ಕಣಮ್ಮ," ಎಂದರು. "ಗೊತ್ತಿರೋದನ್ನ ಹೇಳದೇ ಇದ್ದೇ ದೊಡ್ಡ ಮನುಷ್ಯರಾದ್ರು. ನಾನು ಅದನ್ನ ಗಂಭೀರ ಸ್ವಭಾವ ಅಂತ ಎಲ್ಲರ ಹತ್ರ ಹೇಳ್ಕೊಂಡು ತಿರುಗಿದೆ. ಇವನೂ ಅದನ್ನೇ ಕೇಳ್ಕೊಂಡು ಬೆಳೆದ."

ಮುಂದಿನ ವಾರ ಅವಳು ಸ್ಟುಡಿಯೋ ಹುಡುಕಿಕೊಂಡು ಹೋದಳು. ಬೀಗ ತಯಾರಿಸುವವನ ಅಂಗಡಿಯ ಮೇಲೆ, ಕಡಿದಾದ ಮೆಟ್ಟಿಲು. ಹಿನ್ನೆಲೆಯ ಬಟ್ಟೆಯನ್ನು ಸುತ್ತಿ ಮೂಲೆಗೆ ಒರಗಿಸಿದ್ದರು. ಹಳೆಯ ಗಿರಾಕಿಗಳಿಗೆಲ್ಲ ಫೋನ್ ಮಾಡಿ, ಅವರವರ ಮನೆಯ ಆಲ್ಬಮ್ಮುಗಳನ್ನು ತರಿಸಿಕೊಂಡು, ಆತ ಮತ್ತೆ ಸ್ಕ್ಯಾನ್ ಮಾಡುತ್ತಿದ್ದರು. ಎಷ್ಟೋ ಜನ ಊರು ಬಿಟ್ಟಿದ್ದರು, ಎಷ್ಟೋ ಜನ ಇರಲಿಲ್ಲ. ಸಿಕ್ಕಿದ್ದು ಒಂದು ಬುಟ್ಟಿಯಷ್ಟು.

ಅವಳು ತಾನು ಯಾರೆಂದು ಹೇಳಿದಳು. ಆತ ಎದ್ದು ಕುರ್ಚಿ ಕೊಟ್ಟರು. ಆ ಮರ್ಯಾದೆಯನ್ನೇ ಅವಳಿಗೆ ತಡೆಯಲಾಗಲಿಲ್ಲ.

"ನಾನು ಭಾನುವಾರ ಭಾನುವಾರ ಬಂದು ಸ್ಕ್ಯಾನ್ ಮಾಡ್ಕೊಡ್ತೀನಿ ಸರ್. ನನಗೆ ಬರುತ್ತೆ."

"ಬೇಡಮ್ಮ," ಎಂದರು ಆತ. "ಬಂದು ಹೇಳಿದ್ದಕ್ಕೆ ಸಂತೋಷ. ಆದ್ರೆ ನೀವಿಲ್ಲಿ ಕೂತ್ರೆ ನಾನು ನಿಮ್ಮನ್ನ ಸಮಾಧಾನ ಮಾಡ್ತಾ ಕೂರ್ಬೇಕಾಗುತ್ತೆ. ನನಗೆ ಈಗ ಅಷ್ಟು ಶಕ್ತಿ ಇಲ್ಲ." ಆಮೇಲೆ, ಕೋಪವಿಲ್ಲದೆಯೇ, "ನೀವು ಬರೆದದ್ದು ಅರ್ಥ ಆಗದೇ ಇದ್ದಿದ್ರೆ ಚೆನ್ನಾಗಿತ್ತು. ಅರ್ಥ ಆಗದ್ದನ್ನ ನಾನು ಮುಟ್ತಾ ಇರ್ಲಿಲ್ಲ," ಎಂದರು.

ಅವಳು ಮೆಟ್ಟಿಲಿಳಿದು ಬಂದು, ಬೀಗದ ಅಂಗಡಿಯ ಮುಂದೆ ಯಾವ ಕಡೆ ತಿರುಗಬೇಕೆಂದು ತಿಳಿಯದೆ ನಿಂತಳು.

ಮೂಲಪುರುಷ ಆ ತಿಂಗಳೇ ಸಾಫ್ಟ್‌ವೇರನ್ನು ತಿದ್ದಿದ. ಮೊದಲ ಸಲ ನಕಲಿಡುವಾಗ ಆ ಜಾಗ ಖಾಲಿಯಿಲ್ಲದಿದ್ದರೆ ಅದು ಏನನ್ನೂ ಮುಟ್ಟದೆ ನಿಂತು ಕೇಳುವಂತೆ ಮಾಡಿದ. ಒಂದು ಬೆಳಗಿನ ಕೆಲಸವಾಗಿತ್ತು ಅದು. ಇಷ್ಟು ವರ್ಷ ಯಾವ ಬೆಳಿಗ್ಗೆ ಬೇಕಾದರೂ ಮಾಡಬಹುದಿತ್ತು. ಮನೆಯಲ್ಲಿ ಲ್ಯಾಪ್‌ಟಾಪನ್ನು ಅವಳ ಮುಂದಿಟ್ಟ. ಪರದೆಯ ಮೇಲೆ, "ಗುರಿ ಖಾಲಿಯಿಲ್ಲ. ಮುಂದುವರಿಯಲೇ?" ಎಂದಿತ್ತು.

"ಇದು ಸಾಕಾ?" ಎಂದು ಕೇಳಿದ. ಅವನು ಅವಳನ್ನು ಏನಾದರೂ ಕೇಳಿದ್ದು ಯಾವ ಕಾಲದಲ್ಲೋ.

ಅವಳಿಗೆ ಉತ್ತರಿಸುವ ಮನಸ್ಸಿರಲಿಲ್ಲ. ಆದರೆ ಆ ಸಾಲನ್ನು ಓದಿ ಹೂಂ ಎಂದು ಒತ್ತಿಬಿಡುವ ಜನ ಅವಳ ಕಣ್ಣಮುಂದೆ ಬಂದರು. "ಹೀಗೆ ಹಾಕು," ಎಂದಳು. "ಈ ಜಾಗದಲ್ಲಿ ಈಗಾಗಲೇ ನಿಮ್ಮ ಬೇರೆ ಫೈಲುಗಳಿವೆ. ಮುಂದುವರಿದರೆ ಅವು ಅಳಿಸಿಹೋಗುತ್ತವೆ, ಮತ್ತೆ ಸಿಗುವುದಿಲ್ಲ. ಬೇರೆ ಖಾಲಿ ಜಾಗ ಆರಿಸಿ."

ಅವನು ಒಂದಕ್ಷರವನ್ನೂ ಬದಲಿಸದೆ ಟೈಪ್ ಮಾಡಿದ.

ಹೊಸ ಆವೃತ್ತಿಯನ್ನು ಕಂಪನಿ "ಹೊಸಬರ ಬಗ್ಗೆ ಕಾಳಜಿ" ಎಂದು ಜಾಹೀರಾತು ಮಾಡಿ ಮಾರಿತು. ವರ್ಷದ ಕೊನೆಯ ಸಭೆಯಲ್ಲಿ ಮೂಲಪುರುಷನಿಗೆ ಗಾಜಿನದೊಂದು ಫಲಕ ಕೊಟ್ಟರು. ಅವನು ಅದನ್ನು ತೆಗೆದುಕೊಂಡು, ಏನೂ ಹೇಳದೆ ಕುಳಿತ. ವಿನಯ ಎಂದು ಜನ ಮೆಚ್ಚಿದರು. ಅವಳು ಅಷ್ಟರಲ್ಲಿ ವಾಷಿಂಗ್ ಮಷೀನಿನವರ ಬಳಿಗೇ ಮರಳಿದ್ದಳು. ಮೊದಲಿಗಿಂತ ಕಡಿಮೆ ಸಂಬಳ, ಊರಿನ ಇನ್ನೊಂದು ತುದಿ. ಅಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದಳು. ಓಡಾಟ ತಪ್ಪುತ್ತದೆಂದು ನೆಂಟರಿಗೆಲ್ಲ ಹೇಳಿದ್ದಾಯಿತು. ಅತ್ತೆಯನ್ನೂ ಜೊತೆಗೆ ಕರೆದಳು. ಅವರು, "ನಾನು ಬರಲ್ಲ ಕಣಮ್ಮ. ಅವನು ನಾನು ಹೆತ್ತದ್ದು, ನಾನೇ ಅನುಭವಿಸ್ತೀನಿ," ಎಂದರು.

ಪೆಟ್ಟಿಗೆಗಳನ್ನು ಅವನೇ ಹೊತ್ತು ಗಾಡಿಗಿಟ್ಟ. ಹಗ್ಗದ ಗಂಟನ್ನು ಇನ್ನೊಮ್ಮೆ ಬಿಗಿದು, ಒಳಗೆ ಹೋದ.

ಹೊಸ ಕೋಣೆಯ ಕೆಳಗೆ ಸೈಕಲ್ ರಿಪೇರಿಯ ಅಂಗಡಿ. ಬಚ್ಚಲಿನ ಗ್ಯಾಸ್ ಗೀಸರ್ ಎಷ್ಟು ತಿರುಗಿಸಿದರೂ ಹೊತ್ತಿಕೊಳ್ಳಲಿಲ್ಲ. ಅವಳು ಕೆಳಗಿಳಿದು ರಿಪೇರಿಯವನನ್ನು ಕೇಳಿದಳು. ಆತ ಕೈ ಒರೆಸಿಕೊಂಡು ಬಂದು, ಒತ್ತಿ ಹಿಡಿದು, ಸ್ವಲ್ಪ ಕಾದು, ತಿರುಗಿಸಿ ತೋರಿಸಿದ. ಆತ ಹೋದ ಮೇಲೆ ಅವಳು ಮಾಡಿ ನೋಡಿದಳು, ಬರಲಿಲ್ಲ. ಮೆಟ್ಟಿಲ ತಲೆಯಲ್ಲಿ ಬಹಳ ಹೊತ್ತು ನಿಂತು, ಆಮೇಲೆ ಇಳಿದು ಹೋಗಿ ಎರಡನೇ ಸಲ ಕೇಳಿದಳು. ಆತ ಎದ್ದು ಬಂದು ಎರಡನೇ ಸಲ ಹೇಳಿಕೊಟ್ಟ.